‘ಟೆನ್ಶನ್ ಮಾಡ್ಕೋಬೇಡಮ್ಮ’ ಅಂದ್ರೆ ಸಾಲದು, ಹೇಗೆ ಅಂತಾನೂ ಹೇಳ್ಕೊಡಬೇಕು

ಸಂಪಾದಕರಿಗೆ ನಮಸ್ಕಾರ,

ಹೈರಿಸ್ಕ್ ಪ್ರೆಗ್ನೆನ್ಸಿ ಬಗ್ಗೆ ನಿಮ್ಮ ಆರೋಗ್ಯ ಪುರವಣೀಲಿ ಬಂದಿದ್ದ ಲೇಖನ ಓದಿದೆ. ಬಿಪಿ, ಶುಗರ್, ರಕ್ತ ಕಮ್ಮಿ ಇರೋದು, ಅವಳಿ ಮಕ್ಕಳು, ಹಿಂದಿನ ಸಿಸೇರಿಯನ್ನು ಎಲ್ಲಾನೂ ಚೆನ್ನಾಗಿ ಬಿಡಿಸಿ ಬರೆದಿದ್ರು, ಆದ್ರೆ ಕೊನೇಲಿ ‘ಗರ್ಭಿಣಿಯರು ಒತ್ತಡ ಮಾಡಿಕೊಳ್ಳಬಾರದು’ ಅಂತ ಒಂದೇ ಒಂದು ಸಾಲು ಹಾಕಿ ಮುಗಿಸಿಬಿಟ್ಟಿದ್ರು. ಆ ಸಾಲಿನ ಬಗ್ಗೇನೇ ಈ ಪತ್ರ, ಒತ್ತಡ ಇಳಿಸೋಕೆ ಗೈಡೆಡ್ ಇಮೇಜರಿ ಅನ್ನೋ ಒಂದು ಸರಳ ಅಭ್ಯಾಸ ಇದೆ ಅಂತ ಹೇಳೋಕೆ. ನಾನು ಮಧ್ಯ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೇಲಿ ನರ್ಸಿಂಗ್ ಆಫೀಸರ್, ಸರ್ವಿಸ್‌ನ ಹೆಚ್ಚಿನ ಪಾಲು ಹೆರಿಗೆಗೆ ಮುಂಚೆ ಅಡ್ಮಿಟ್ ಆಗೋರ ವಾರ್ಡ್‌ನಲ್ಲೇ ಕಳೆದಿದೀನಿ. ಒತ್ತಡ ಮಾಡ್ಕೋಬೇಡಿ ಅನ್ನೋ ಮಾತನ್ನ ಡಾಕ್ಟ್ರು ಹೇಳ್ತಾರೆ, ಆಶಾ ಹೇಳ್ತಾರೆ, ಅತ್ತೆ ಹೇಳ್ತಾರೆ, ಪಕ್ಕದ ಬೆಡ್‌ನ ಅಟೆಂಡರೂ ಹೇಳ್ತಾರೆ, ಆದ್ರೆ ಮಾಡ್ಕೊಳ್ದೇ ಇರೋದು ಹೇಗೆ ಅಂತ ಆ ಹೆಣ್ಣುಮಗಳಿಗೆ ಹತ್ತು ನಿಮಿಷ ಕೂತು ತೋರಿಸಿಕೊಡೋರು ಯಾರೂ ಇಲ್ಲ.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಶುರುವಾಯ್ತು, ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಫ್ರೀಯಾಗಿ ಡಾಕ್ಟ್ರು ನೋಡ್ತಾರೆ, ಅಪಾಯ ಇದೆ ಅನ್ಸಿದ್ರೆ ಕಾರ್ಡ್ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸ್ತಾರೆ. ಮುಂದೆ ಎಲ್ಲಿಗೆ ಹೋದ್ರೂ ನೋಡಿದ ತಕ್ಷಣ ಗೊತ್ತಾಗ್ಲಿ ಅಂತ ಮಾಡಿರೋ ವ್ಯವಸ್ಥೆ ಅದು, ತುಂಬಾ ಒಳ್ಳೇದು, ಅದರಿಂದ ಎಷ್ಟೋ ಜೀವ ಉಳಿದಿರುತ್ತೆ. ಆದ್ರೆ ಆ ಕಾರ್ಡ್ ಹಿಡ್ಕೊಂಡು ಮನೆಗೆ ಹೋಗೋಳ ಕಣ್ಣಲ್ಲಿ ನೋಡಿ. ಯಾಕೆ ಕೆಂಪು ಅಂತ ಯಾರೂ ಸರಿಯಾಗಿ ಬಿಡಿಸಿ ಹೇಳಿರಲ್ಲ, ಕ್ಯೂ ಉದ್ದ ಇರುತ್ತೆ, ನಮಗೂ ಟೈಮ್ ಇರಲ್ಲ. ಬಸ್‌ಸ್ಟ್ಯಾಂಡ್‌ನಲ್ಲಿ ಕೂತು ತಾಯಿ ಕಾರ್ಡ್ ತೆಗೆದು ತೆಗೆದು ನೋಡ್ತಾಳೆ, ಊರಿಗೆ ಹೋದ್ರೆ ಓರಗಿತ್ತಿ ಕೇಳ್ತಾಳೆ, ರಾತ್ರಿ ಮೊಬೈಲ್‌ನಲ್ಲಿ ಹುಡುಕಿದ್ರೆ ಬರೋದೆಲ್ಲಾ ಏಳು ತಿಂಗಳಿಗೇ ಹುಟ್ಟಿದ ಮಗು, ಫಿಟ್ಸ್ ಬಂದ ತಾಯಿ, ಇಂಥವೇ ವಿಡಿಯೋ. ಹಂಗಾದ್ರೆ ನಿದ್ದೆ ಎಲ್ಲಿಂದ ಬರ್ಬೇಕು.

ಅಡ್ಮಿಟ್ ಆದೋರ ಕಥೆ ಇನ್ನೊಂಥರ. ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗು ಎದೆಬಡಿತ ನೋಡೋ ಮಿಷನ್ ಇರುತ್ತಲ್ಲ, ಅದರಲ್ಲಿ ಟಕ್ ಟಕ್ ಅಂತ ಸದ್ದು ಬರ್ತಾ ಇರೋವಾಗ ತಾಯಿ ಮುಖ ಅರಳಿರುತ್ತೆ, ಆಮೇಲೆ ಅವಳು ಸ್ವಲ್ಪ ಹೊರಳಿದ್ಲು ಅಂದ್ರೆ ಬೆಲ್ಟ್ ಜಾರುತ್ತೆ, ಸದ್ದು ನಿಂತುಹೋಗುತ್ತೆ, ನಮಗೆ ಅದು ದಿನಾ ಆಗೋ ವಿಷಯ, ಹೋಗಿ ಸರಿಮಾಡ್ತೀವಿ, ಆದ್ರೆ ಆ ಅರ್ಧ ನಿಮಿಷ ಅವಳಿಗೆ ಏನಾಗಿರುತ್ತೆ ಅಂತ ಅವಳ ಕೈ ಹಿಡಿದು ನೋಡಿದ್ರೆ ಗೊತ್ತಾಗುತ್ತೆ, ಮಂಜಿನ ಹಾಗೆ ತಣ್ಣಗಾಗಿರುತ್ತೆ. ಇದರ ಜೊತೆಗೆ ನೋಡೋಕೆ ಬಂದೋರು ‘ನಮ್ಮ ಕಡೆ ಒಬ್ಬಳಿಗೆ ಹಿಂಗೇ ಆಗಿತ್ತು ಪಾಪ’ ಅಂತ ಶುರುಮಾಡ್ತಾರೆ. 2024ರ ಕೊನೇಲಿ ಬಳ್ಳಾರಿಯ ಬಾಣಂತಿಯರ ಸಾವಿನ ಸುದ್ದಿ ದಿನಾ ಪೇಪರ್, ಟೀವೀಲಿ ಬರ್ತಿತ್ತು, ಡ್ರಿಪ್‌ನ ದ್ರಾವಣದ ಮೇಲೇ ಅನುಮಾನ ಇತ್ತು, ಆಗಂತೂ ಡ್ರಿಪ್ ಹಾಕೋಕೆ ಹೋದ್ರೆ ಕೈ ಹಿಂದಕ್ಕೆ ಎಳ್ಕೊಳೋರು. ಅವರದ್ದೇನು ತಪ್ಪು ಹೇಳಿ.

ಇನ್ನೊಂದು ಮಾತಿದೆ, ಅದನ್ನ ಕೇಳಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ‘ನೀನು ಟೆನ್ಶನ್ ಮಾಡ್ಕೊಂಡ್ರೆ ಮಗೂಗೆ ತೊಂದ್ರೆ ಆಗುತ್ತೆ’ ಅಂತ. ಒಳ್ಳೇ ಮನಸ್ಸಿಂದಾನೇ ಹೇಳ್ತಾರೆ, ಆದ್ರೆ ಏನಾಗುತ್ತೆ ಗೊತ್ತಾ, ಮೊದಲು ಬಿಪಿ ಚಿಂತೆ ಒಂದೇ ಇತ್ತು, ಈಗ ಚಿಂತೆ ಮಾಡ್ತಾ ಇದೀನಲ್ಲ ಅನ್ನೋ ಚಿಂತೆಯೂ ಸೇರ್ಕೊಳ್ಳುತ್ತೆ. ಬಸುರಿಯರಲ್ಲಿ ಬಿಪಿ ಏರಿ ಬರೋ ಪ್ರಿಎಕ್ಲಾಂಪ್ಸಿಯಾ ಅನ್ನೋ ಕಾಯಿಲೆಯ ಮೂಲ ಮಾಸು ಮತ್ತೆ ರಕ್ತನಾಳದಲ್ಲಿ ಇರುತ್ತೆ, ಅವಳು ಅತ್ತಿದ್ದರಿಂದ ಬಂದಿದ್ದಲ್ಲ, ಗಂಡನ ಜೊತೆ ಜಗಳ ಆಡಿದ್ದರಿಂದ ಬಂದಿದ್ದಲ್ಲ. ಇದನ್ನ ದಯವಿಟ್ಟು ಮನೆಯೋರೆಲ್ಲಾ ತಿಳ್ಕೋಬೇಕು. ಒತ್ತಡ ಇಳಿಸಬೇಕು ಅಂತ ನಾನು ಹೇಳ್ತಿರೋದು ಅವಳು ಅಪರಾಧಿ ಅಂತ ಅಲ್ಲ, ಅವಳು ನರಳ್ತಿದಾಳೆ, ಆ ನರಳಾಟ ಕಮ್ಮಿ ಆಗ್ಬೇಕು ಅಂತ ಅಷ್ಟೇ.

ಇದಕ್ಕೆ ನಾನು ನಮ್ಮ ವಾರ್ಡ್‌ನಲ್ಲಿ ಮಾಡ್ತಾ ಬಂದಿರೋದು ಗೈಡೆಡ್ ಇಮೇಜರಿ. ದೊಡ್ಡ ಹೆಸರು, ಕೆಲಸ ಸರಳ. ಒಬ್ಬರು ನಿಧಾನವಾಗಿ ಮಾತಾಡ್ತಾ ಹೋಗ್ತಾರೆ, ಕೇಳ್ತಾ ಇರೋಳು ಉಸಿರು ನಿಧಾನ ಮಾಡಿ, ಮೈ ಸಡಿಲ ಬಿಟ್ಟು, ತನಗೆ ನೆಮ್ಮದಿ ಕೊಡೋ ಒಂದು ಜಾಗನ ಮನಸ್ಸಲ್ಲೇ ಕಟ್ಕೊಳ್ತಾಳೆ, ಕಣ್ಣಿಗೆ ಕಾಣೋದು ಮಾತ್ರ ಅಲ್ಲ, ಅಲ್ಲಿನ ಸದ್ದು, ವಾಸನೆ, ಕಾಲಿಗೆ ತಾಗೋ ತಂಪು ಎಲ್ಲಾ. ಹೆದರಿದೋಳ ಮನಸ್ಸು ಖಾಲಿ ಕೂತಿರಲ್ಲ, ಅದು ಆಗಲೇ ಚಿತ್ರ ಕಟ್ತಾನೇ ಇರುತ್ತೆ, ಆಂಬ್ಯುಲೆನ್ಸು, ಆಪರೇಶನ್ ಥಿಯೇಟರು, ಖಾಲಿ ತೊಟ್ಟಿಲು. ಆ ಚಿತ್ರಕ್ಕೆ ಎದೆ ಹೊಡ್ಕೊಳ್ಳುತ್ತೆ, ಕೈ ಬೆವರುತ್ತೆ, ನಿಜವಾಗ್ಲೂ ಆಗ್ತಾ ಇದೆಯೋ ಬರೀ ಯೋಚನೆಯೋ ಅಂತ ದೇಹ ಕೇಳಲ್ಲ. ಕೆಟ್ಟ ಚಿತ್ರಕ್ಕೆ ದೇಹ ಹಿಂಗೆ ಸ್ಪಂದಿಸೋದಾದ್ರೆ ಒಳ್ಳೇ ಚಿತ್ರಕ್ಕೂ ಸ್ಪಂದಿಸುತ್ತೆ ಅನ್ನೋದೇ ಇದರ ಹಿಂದಿರೋ ಲೆಕ್ಕ. ಉಸಿರು ಬಿಡೋದನ್ನ ಉದ್ದ ಮಾಡಿದಾಗ ಎದೆಬಡಿತ ಇಳಿಯೋದಂತೂ ಯಾರು ಬೇಕಾದ್ರೂ ನಾಡಿ ಹಿಡಿದು ನೋಡಬಹುದು.

ಮೊದಮೊದಲು ಮೊಬೈಲ್‌ನಲ್ಲಿ ಸಿಗೋ ಇಂಗ್ಲಿಷ್ ಆಡಿಯೋ ಅರ್ಥ ಮಾಡ್ಕೊಂಡು ಅದನ್ನೇ ಕನ್ನಡದಲ್ಲಿ ಹೇಳ್ತಿದ್ವಿ. ಅದರಲ್ಲಿ ಯಾವಾಗ್ಲೂ ಸಮುದ್ರದ ದಂಡೆ, ಬಿಳೀ ಮರಳು. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಸಮುದ್ರಾನೇ ನೋಡಿಲ್ಲ, ಟೀವೀಲಿ ನೋಡಿರ್ತಾರೆ ಅಷ್ಟೇ. ಒಬ್ಬಳಿದ್ಲು, ಬಿಪಿಗೆ ಅಂತ ಅಡ್ಮಿಟ್ ಆಗಿದ್ಲು, ಹಿಂದೆ ಒಂದ್ಸಲ ಬಸುರು ಹೋಗಿತ್ತು, ರಾತ್ರಿ ಇಡೀ ಕಣ್ಣು ಬಿಟ್ಕೊಂಡೇ ಇರೋಳು. ನಿನಗೆ ಎಲ್ಲಿದ್ರೆ ಹಾಯ್ ಅನ್ಸುತ್ತೆ ತಾಯಿ ಅಂತ ಕೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿ, ‘ನಮ್ಮಜ್ಜನ ತೋಟ ಸಿಸ್ಟರ್, ನೀರು ಬಿಟ್ಟಾಗ’ ಅಂದ್ಲು. ಅಷ್ಟು ಸಿಕ್ಕರೆ ಸಾಕು. ಯಾವ ತೋಟ, ಅಡಿಕೇನಾ ತೆಂಗಾ, ನೀರು ಯಾವ ಕಡೆಯಿಂದ ಬರುತ್ತೆ, ನೀನು ಎಲ್ಲಿ ಕೂತ್ಕೋತಿದ್ದೆ, ಅಜ್ಜ ಏನು ಮಾಡ್ತಿದ್ರು ಅಂತ ಒಂದೊಂದೇ ಕೇಳ್ತಾ ಹೋದೆ, ಅವಳು ಹೇಳ್ತಾ ಹೇಳ್ತಾನೇ ಭುಜ ಇಳಿದಿತ್ತು, ನಾನು ಇನ್ನೂ ಶುರುನೇ ಮಾಡಿರ್ಲಿಲ್ಲ.

ಆಮೇಲೆ ಹೇಳಿದ್ದು ಹೆಚ್ಚುಕಮ್ಮಿ ಹೀಗೆ. ಎಡಮಗ್ಗುಲಿಗೆ ಮಲಗು, ಮಂಡಿ ಮಧ್ಯೆ ಒಂದು ದಿಂಬು ಇಟ್ಕೋ. ಕಣ್ಣು ಮುಚ್ಚಬೇಕು ಅನ್ಸಿದ್ರೆ ಮುಚ್ಚು, ಭಯ ಆದ್ರೆ ಬೇಡ, ಗೋಡೆ ಮೇಲೆ ಒಂದೇ ಕಡೆ ನೋಡ್ತಿರು. ಉಸಿರು ಹಿಡಿದಿಟ್ಕೋಬೇಡ, ಮೂಗಿಂದ ತಗೋ, ಬಿಡೋವಾಗ ಇನ್ನೂ ನಿಧಾನ ಬಿಡು. ಹಲ್ಲು ಕಚ್ಚಿ ಹಿಡಿದಿದೀಯಾ ನೋಡು, ದವಡೆ ಸಡಿಲ ಬಿಡು. ಅಂಗೈ ಬಿಚ್ಚು. ಈಗ ಅಜ್ಜನ ತೋಟದ ಬದು ಮೇಲೆ ಕೂತಿದೀಯ. ಮೋಟ್ರು ಹಾಕಿದಾರೆ, ದೂರದಲ್ಲಿ ಸದ್ದು ಕೇಳ್ತಿದೆ. ಕಾಲುವೇಲಿ ನೀರು ಬರೋಕೆ ಶುರುವಾಗಿದೆ, ಮೊದಲು ತರಗೆಲೆ ತೇಲ್ಕೊಂಡು ಬರ್ತಿದೆ, ಹಿಂದೇನೇ ನೀರು. ಒಣಮಣ್ಣು ನೀರು ಕುಡಿಯೋ ವಾಸನೆ ಬರ್ತಿದೆ. ಪಾದ ನೀರಲ್ಲಿ ಇಡು, ಹಿಮ್ಮಡಿಗೆ ತಂಪು, ಬೆರಳಿಗೆ ತಂಪು. ನೀನು ಏನೂ ಮಾಡಬೇಕಾಗಿಲ್ಲ, ನೀರು ತಾನೇ ಹೋಗುತ್ತೆ, ಗಿಡ ತಾನೇ ಕುಡಿಯುತ್ತೆ. ಹೊಟ್ಟೆ ಮೇಲೆ ಕೈ ಇಟ್ಕೊಳ್ಳಬೇಕು ಅನ್ಸಿದ್ರೆ ಇಟ್ಕೋ. ಎದ್ದೇಳಬೇಕು ಅನ್ನೋ ತನಕ ಅಲ್ಲೇ ಕೂತಿರು.

ಮಧ್ಯೆ ಮಧ್ಯೆ ಸುಮ್ಮನೆ ಇರಬೇಕು, ಪಟಪಟ ಅಂತ ಓದಿಬಿಟ್ರೆ ಏನೂ ಆಗಲ್ಲ. ಕೊನೇಲಿ ನಿಧಾನವಾಗಿ ವಾರ್ಡ್‌ಗೆ ವಾಪಸ್ ಕರ್ಕೊಂಡು ಬರಬೇಕು, ಫ್ಯಾನ್ ಸದ್ದು ಕೇಳಿಸ್ಕೋ, ಬೆಡ್‌ಶೀಟ್ ಮುಟ್ಟು ಅಂತ. ಹತ್ತು ನಿಮಿಷ, ಹೆಚ್ಚಂದ್ರೆ ಹದಿನೈದು. ದಿನಾ ಮಾಡಿದ್ರೆ ಆಮೇಲಾಮೇಲೆ ಅವರೇ ಮಾಡ್ಕೊಳ್ತಾರೆ, ಸ್ಕ್ಯಾನಿಂಗ್ ರೂಮ್ ಹೊರಗೆ ಕಾಯೋವಾಗ, ಇಂಜೆಕ್ಷನ್ ಕೊಡೋವಾಗ, ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ.

ಇದನ್ನ ಮಾಡಿಸೋರು ಎರಡು ಮೂರು ವಿಷಯ ತಲೇಲಿ ಇಟ್ಕೊಂಡಿರ್ಬೇಕು. ಜಾಗ ಅವಳೇ ಆರಿಸ್ಬೇಕು, ನಾವು ಹೇರಬಾರದು. ಕೆರೆ, ನದಿ ಅಂದ್ರೆ ನಮಗೆ ತಂಪು, ಆದ್ರೆ ಮನೇಲಿ ಯಾರೋ ನೀರಿಗೆ ಬಿದ್ದು ಹೋಗಿದ್ರೆ ಅವಳಿಗೆ ಅದೇ ದೊಡ್ಡ ಗಾಬರಿ. ತವರುಮನೆ ಅಂದ್ರೆ ಎಲ್ಲರಿಗೂ ನೆಮ್ಮದಿ ಅಂತಾನೂ ಅಂದ್ಕೋಬಾರದು. ಹಿಂದೆ ಮಗು ಕಳ್ಕೊಂಡೋರಿಗೆ ‘ನಿನ್ನ ಮಗು ಮುಖ ಕಲ್ಪಿಸ್ಕೋ, ಎತ್ಕೊಂಡಿದೀಯ’ ಅಂತೆಲ್ಲಾ ಕೇಳದೇ ಹೇಳೋಕೆ ಹೋಗಲೇಬಾರದು, ಕೆಲವರು ಖುಷಿಯಿಂದ ಕಲ್ಪಿಸ್ಕೊಳ್ತಾರೆ, ಕೆಲವರು ಬಿಕ್ಕಿ ಬಿಕ್ಕಿ ಅಳ್ತಾರೆ, ಮೊದಲೇ ಕೇಳಿ ತಿಳ್ಕೋಬೇಕು. ತಿಂಗಳು ತುಂಬ್ತಾ ಬಂದೋರನ್ನ ಅಂಗಾತ ಮಲಗಿಸಬಾರದು, ಗರ್ಭದ ಭಾರ ಒಳಗಿನ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತು ಬರುತ್ತೆ.

ಇದರಿಂದ ಬಿಪಿ ಇಳಿಯುತ್ತಾ ಅಂತ ಎಲ್ಲರೂ ಕೇಳೋದು ಅದನ್ನೇ. ಇಲ್ಲಿ ಸುಳ್ಳು ಆಸೆ ಹುಟ್ಟಿಸಬಾರದು. ಕೆನಡಾದಲ್ಲಿ ಬಸುರಲ್ಲಿ ಬಿಪಿ ಇದ್ದ 69 ಹೆಂಗಸರ ಮೇಲೆ ಮಾಡಿದ ಒಂದು ಸಣ್ಣ ಅಧ್ಯಯನ 2010ರಲ್ಲಿ ಪ್ರಕಟ ಆಯ್ತು, ಒಂದು ಗುಂಪಿಗೆ ಗೈಡೆಡ್ ಇಮೇಜರಿ, ಇನ್ನೊಂದು ಗುಂಪಿಗೆ ಸುಮ್ಮನೆ ವಿಶ್ರಾಂತಿ, ನಾಲ್ಕು ವಾರ. ಇಮೇಜರಿ ಮಾಡಿದೋರ ಬಿಪಿ ಏರಿದ್ದು ಕಮ್ಮಿ ಅಂತ ಮೇಲ್ನೋಟಕ್ಕೆ ಕಾಣಿಸ್ತು, ಆದ್ರೆ ಶುರುವಿನಲ್ಲಿ ಯಾರಿಗೆ ಎಷ್ಟು ಬಿಪಿ ಇತ್ತು, ಎಷ್ಟು ವಾರದ ಬಸುರು ಅಂತ ಲೆಕ್ಕ ಹಾಕಿ ನೋಡಿದಾಗ ಆ ವ್ಯತ್ಯಾಸ ಗಟ್ಟಿಯಾಗಿ ನಿಲ್ಲಲಿಲ್ಲ. ಹಾಗಾಗಿ ಬಿಪಿಗೆ ಕೊಡೋ ಲ್ಯಾಬೆಟಲಾಲ್ ಮಾತ್ರೆ ಬಿಟ್ಟು ಕಣ್ಣು ಮುಚ್ಚಿ ಕೂತ್ರೆ ಸಾಕು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನಮ್ಮ ಬೆಂಗಳೂರಲ್ಲೇ ಎರಡು ಆಸ್ಪತ್ರೆಗಳಲ್ಲಿ 68 ಜನ ಹೈರಿಸ್ಕ್ ಬಸುರಿಯರ ಮೇಲೆ ನಡೆದ ಅಧ್ಯಯನ 2012ರಲ್ಲಿ ಬಂತು, ಅದರಲ್ಲಿ 12ನೇ ವಾರದಿಂದ 28ನೇ ವಾರದ ತನಕ ವಾರಕ್ಕೆ ಮೂರು ದಿನ ಒಂದೊಂದು ಗಂಟೆ ಯೋಗ ಮಾಡಿಸಿದ್ರು, ಯೋಗದ ಗುಂಪಲ್ಲಿ ಬಿಪಿ, ಶುಗರ್ ತೊಂದ್ರೆ ಕಮ್ಮಿ ಕಂಡುಬಂತು. ಅದು ಬರೀ ಕಲ್ಪನೆಯ ಫಲ ಅಂತ ಹೇಳೋಕಾಗಲ್ಲ, ವ್ಯಾಯಾಮ, ಉಸಿರಾಟ, ವಿಶ್ರಾಂತಿ ಎಲ್ಲಾ ಸೇರಿರುತ್ತೆ, ಗುಂಪೂ ಚಿಕ್ಕದು. ಇವೆರಡನ್ನೂ ಇಟ್ಕೊಂಡು ನಾನು ಹೇಳೋದು ಇಷ್ಟು: ಮಾತ್ರೆ ಬಿಪಿಗೆ, ಇದು ಭಯಕ್ಕೆ. ಭಯ ಕಮ್ಮಿ ಆಗೋದೇ ಒಂದು ದೊಡ್ಡ ಲಾಭ, ಅದಕ್ಕೆ ಬೇರೆ ಲಾಭದ ಸಾಕ್ಷಿ ಯಾಕೆ ಬೇಕು? ನಿದ್ದೆ ಬಂದ್ರೆ ಸಾಲದಾ?

ಬಿಪಿ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡ್ತೀನಿ. ಬಸ್ ಇಳಿದು, ಬಿಸಿಲಲ್ಲಿ ನಡ್ಕೊಂಡು, ಮೆಟ್ಟಿಲು ಹತ್ತಿ ಬಂದೋಳನ್ನ ನಿಲ್ಲಿಸ್ಕೊಂಡೇ ಬಿಪಿ ನೋಡೋದು ತುಂಬಾ ಕಡೆ ನಡೀತಿದೆ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಮಾತಾಡಿಸದೆ ಆಮೇಲೆ ನೋಡ್ಬೇಕು ಅನ್ನೋದು ನಮಗೆಲ್ಲಾ ಟ್ರೈನಿಂಗ್‌ನಲ್ಲೇ ಹೇಳ್ಕೊಟ್ಟಿರೋದು. ಆ ಐದು ನಿಮಿಷ ಹೇಗಿದ್ರೂ ಇದೆಯಲ್ಲ, ಉಸಿರು ನಿಧಾನ ಮಾಡೋದನ್ನ ಅಲ್ಲೇ ಹೇಳ್ಕೊಡಬಹುದು, ಎಕ್ಸ್‌ಟ್ರಾ ಟೈಮೂ ಬೇಡ, ಎಕ್ಸ್‌ಟ್ರಾ ದುಡ್ಡೂ ಬೇಡ.

ಸಿಟಿಗಳಲ್ಲಿ ಈಗ ಗರ್ಭಸಂಸ್ಕಾರದ ಹೆಸರಲ್ಲಿ ಸಾವಿರಾರು ರೂಪಾಯಿ ಕ್ಲಾಸುಗಳು ನಡೀತಿವೆ, ಮಗು ಬುದ್ಧಿವಂತ ಆಗುತ್ತೆ, ಬೆಳ್ಳಗೆ ಹುಟ್ಟುತ್ತೆ ಅಂತೆಲ್ಲಾ ಹೇಳಿ ಒಳ್ಳೇ ಯೋಚನೆ ಮಾತ್ರ ಮಾಡ್ಬೇಕು ಅಂತ ತಾಕೀತು ಮಾಡ್ತಾರಂತೆ. ನಾನು ಹೇಳ್ತಿರೋದು ಅದಲ್ಲ. ಇಲ್ಲಿ ಮಗುವಿನ ಮಾರ್ಕ್ಸ್ ಕಾರ್ಡ್ ಲೆಕ್ಕ ಇಲ್ಲ, ಕೆಟ್ಟ ಯೋಚನೆ ಬಂದ್ರೆ ಬರ್ಲಿ, ಬಂದು ಹೋಗ್ಲಿ, ಮತ್ತೆ ತೋಟಕ್ಕೆ ವಾಪಸ್ ಬಾ ಅಂತ ಅಷ್ಟೇ.

ಎಲ್ಲರಿಗೂ ಇದು ಸಾಕಾಗಲ್ಲ ಅನ್ನೋದನ್ನೂ ಬರೀಬೇಕು. ಎರಡು ವಾರದಿಂದ ದಿನಾ ಅಳು, ಊಟ ಸೇರಲ್ಲ, ಯಾರ ಜೊತೆಗೂ ಮಾತು ಬೇಡ, ಬದುಕೋದೇ ಬೇಡ ಅನ್ನೋ ಮಾತು ಬಾಯಲ್ಲಿ ಬಂತು ಅಂದ್ರೆ ಅದು ಕಣ್ಣು ಮುಚ್ಚಿ ಕೂತ್ರೆ ಹೋಗೋದಲ್ಲ, ಡಾಕ್ಟ್ರಿಗೆ ತೋರಿಸ್ಬೇಕು. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಕೊಂಡು ಚಿಕಿತ್ಸೆ ಕೊಡೋ ವಾರ್ಡ್ 2009ರಿಂದ ಇದೆ, ನಮ್ಮ ಜಿಲ್ಲೆಗಳ ಜನಕ್ಕೆ ಅದು ಗೊತ್ತೇ ಇಲ್ಲ. ಇನ್ನು ವಿಪರೀತ ತಲೆನೋವು, ಕಣ್ಣು ಮಂಜಾಗೋದು, ಎದೆಗುಂಡಿಗೆ ಕೆಳಗೆ ನೋವು, ಮುಖ ಕೈ ಊದೋದು, ರಕ್ತ ಹೋಗೋದು, ನೀರು ಹೋಗೋದು, ಮಗು ಮಿಸುಕಾಟ ಕಮ್ಮಿ ಆಗೋದು, ಇದರಲ್ಲಿ ಯಾವುದೇ ಒಂದು ಕಂಡ್ರೂ ‘ಗಾಬರಿ ಇರಬೇಕು, ಸ್ವಲ್ಪ ರಿಲ್ಯಾಕ್ಸ್ ಮಾಡ್ತೀನಿ’ ಅಂತ ಕೂರಬಾರದು, ತಕ್ಷಣ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಬರ್ಬೇಕು. ಬಂದು ಏನೂ ಇಲ್ಲ ಅಂತ ವಾಪಸ್ ಹೋದ್ರೂ ಪರವಾಗಿಲ್ಲ, ಯಾರೂ ಬೈಯಬಾರದು. ಬೈಯೋರು ಇದಾರೆ, ನನಗೆ ಗೊತ್ತು, ನಮ್ಮವರಿಗೇ ಈ ಮಾತು ಹೇಳ್ತಿದೀನಿ.

ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ತುಂಬಾ ದೊಡ್ಡದೇನಲ್ಲ. ಹೈರಿಸ್ಕ್ ಅಂತ ಗುರುತಿಸಿದೋರನ್ನ ಹೆರಿಗೆ ಆಗೋ ತನಕ ಬಿಡದೆ ಫಾಲೋ ಮಾಡ್ಬೇಕು ಅಂತ 2022ರಿಂದ ಹೊಸ ವ್ಯವಸ್ಥೆ ಇದೆ, ಹೆಚ್ಚುವರಿ ತಪಾಸಣೆಗೆ ಕರ್ಕೊಂಡು ಬರೋಕೆ ಆಶಾಗಳಿಗೆ ಪ್ರೋತ್ಸಾಹಧನಾನೂ ಇದೆ. ಆ ತಪಾಸಣೆಗಳಲ್ಲಿ ಒಂದರಲ್ಲಿ ಈ ಹತ್ತು ನಿಮಿಷ ಸೇರಿಸಿ. ಆಶಾಗಳಿಗೆ ಅರ್ಧ ದಿನ ಟ್ರೈನಿಂಗ್ ಕೊಡಿ, ಆದ್ರೆ ಅವರ ತಲೆ ಮೇಲೆ ಇನ್ನೊಂದು ರಿಜಿಸ್ಟರ್ ಮಾತ್ರ ಹೊರಿಸಬೇಡಿ ದಯವಿಟ್ಟು. ಒಂದು ಒಳ್ಳೇ ಆಡಿಯೋ ರೆಕಾರ್ಡ್ ಮಾಡಿಸಿ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಪುಸ್ತಕದ ಕನ್ನಡದಲ್ಲಿ ‘ತಾವು ಈಗ ದೀರ್ಘವಾಗಿ ಶ್ವಾಸವನ್ನು ಒಳಗೆಳೆದುಕೊಳ್ಳಿರಿ’ ಅಂದ್ರೆ ನಮ್ಮ ಹೆಣ್ಣುಮಕ್ಕಳು ಪರೀಕ್ಷೆಗೆ ಕೂತ ಹಾಗೆ ನೆಟ್ಟಗೆ ಕೂತುಬಿಡ್ತಾರೆ. ಧಾರವಾಡ, ಕಲಬುರಗಿ, ಮಂಗಳೂರು, ಮೈಸೂರಲ್ಲೆಲ್ಲಾ ಆಕಾಶವಾಣಿ ಇದೆ, ಆಯಾ ಕಡೆ ಮಾತಿನ ಧಾಟಿ ಗೊತ್ತಿರೋ ದನಿಗಳು ಅಲ್ಲಿವೆ, ಅವರ ಹತ್ರ ಮಾಡಿಸಿ. ಉರ್ದು, ಲಂಬಾಣಿ, ತುಳುವಿನಲ್ಲೂ ಬೇಕು. ಕೂಲಿಗೆ ಬಂದೋರು ಎಷ್ಟು ಜನ ನಮ್ಮ ವಾರ್ಡ್‌ನಲ್ಲಿ ಇರ್ತಾರೆ, ನಾವು ಹೇಳೋದು ಅರ್ಥಾನೇ ಆಗದೆ ತಲೆ ಅಲ್ಲಾಡಿಸ್ತಾರೆ.

ಜೊತೆಗೆ ವಾರ್ಡ್‌ನಲ್ಲಿ ದಿನಕ್ಕೆ ಒಂದು ಹೊತ್ತು ಸದ್ದಿಲ್ಲದ ಸಮಯ ಅಂತ ಇರ್ಲಿ. ಮಧ್ಯಾಹ್ನ ಊಟ ಆದ್ಮೇಲೆ ಅರ್ಧ ಗಂಟೆ ಮೊಬೈಲ್ ಸ್ಪೀಕರ್ ಬಂದ್, ವಿಸಿಟರ್ಸ್ ಹೊರಗೆ, ನೆಲ ಒರೆಸೋದು ಟ್ರಾಲಿ ತಳ್ಳೋದು ಆಮೇಲೆ. ಇದಕ್ಕೆ ಸರ್ಕಾರದ ಆರ್ಡರೂ ಬೇಕಾಗಿಲ್ಲ, ವಾರ್ಡ್ ಸಿಸ್ಟರ್ ಮನಸ್ಸು ಮಾಡಿದ್ರೆ ಸಾಕು. ಆದ್ರೆ ಸಿಸ್ಟರ್‌ಗೆ ಮನಸ್ಸು ಮಾಡೋಕೆ ಪುರುಸೊತ್ತು ಇರಬೇಕಲ್ಲ. ಒಬ್ಬಳೇ ಇಡೀ ವಾರ್ಡ್ ನೋಡ್ಕೊಳ್ಳೋ ರಾತ್ರಿಗಳಲ್ಲಿ ಒಬ್ಬರ ಪಕ್ಕ ಹತ್ತು ನಿಮಿಷ ಕೂರೋದು ಅಂದ್ರೆ ಇನ್ನೊಬ್ಬರ ಡ್ರಿಪ್ ಮುಗಿದಿರುತ್ತೆ. ಖಾಲಿ ಹುದ್ದೆ ತುಂಬಿ ಅಂತ ನಾವು ಕೇಳೋದು ನಮ್ಮ ಆರಾಮಕ್ಕೆ ಅಲ್ಲ ಅನ್ನೋದು ಓದುಗರಿಗೆ ಗೊತ್ತಾಗ್ಲಿ.

ಮನೆಯೋರಿಗೆ ಒಂದು ಮಾತು. ಈ ಆಡಿಯೋ ಬರೋ ತನಕ ಕಾಯಬೇಕಾಗಿಲ್ಲ. ಅವಳಿಗೆ ಇಷ್ಟದ ಜಾಗ ಯಾವುದು ಅಂತ ಕೇಳಿ, ಅವಳ ಅಮ್ಮನೋ ಅಕ್ಕನೋ ಗಂಡನೋ ನಿಧಾನವಾಗಿ ಮಾತಾಡಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕಳ್ಸಿ. ನಮ್ಮ ವಾರ್ಡ್‌ನಲ್ಲಿ ಒಬ್ಬಳ ಗಂಡ ಲಾರಿ ಡ್ರೈವರ್, ಬರೋಕಾಗ್ತಿರ್ಲಿಲ್ಲ, ಊರ ಜಾತ್ರೆ ಮುಗಿದ ಮಾರನೇ ಬೆಳಗ್ಗೆ ಗುಡಿ ಕಟ್ಟೆ ಮೇಲೆ ಇಬ್ಬರೂ ಕೂತಿದ್ದನ್ನ ತನಗೆ ಬಂದ ಹಾಗೆ ಹೇಳಿ ವಾಟ್ಸಾಪ್‌ನಲ್ಲಿ ಕಳಿಸಿದ್ದ, ಹಿಂದೆ ಲಾರಿ ಹಾರ್ನ್ ಕೇಳ್ತಿತ್ತು, ಆದ್ರೂ ಅವಳು ಅದನ್ನ ಹಾಕ್ಕೊಂಡೇ ಮಲಗೋಳು. ಯಾವ ಆ್ಯಪ್‌ನಲ್ಲೂ ಅದು ಸಿಗಲ್ಲ.

ಸಂಪಾದಕರೇ, ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟೇ, ಪ್ರತಿ ತಿಂಗಳು 9ನೇ ತಾರೀಕಿನ ಹಿಂದಿನ ದಿನದ ಪುರವಣೀಲಿ ಇದಕ್ಕೆ ಒಂದು ಕಾಲಂ ಜಾಗ ಕೊಡಿ, ದೊಡ್ಡ ಅಕ್ಷರದಲ್ಲಿ, ಕ್ಯೂನಲ್ಲಿ ಕೂತು ಪೇಪರ್ ಓದೋ ಗಂಡಂದಿರು ಹೆಂಡತಿಗೆ ಓದಿ ಹೇಳೋ ಹಾಗೆ. ನಮ್ಮ ಕಡೆ ಮಾತಲ್ಲಿ ಸ್ಕ್ರಿಪ್ಟ್ ನಾನು ಬರೆದು ಕಳಿಸ್ತೀನಿ, ಉತ್ತರ ಕರ್ನಾಟಕದ, ಕರಾವಳಿಯ, ಮಲೆನಾಡಿನ ಸಿಸ್ಟರ್‌ಗಳು ಅದನ್ನ ತಮ್ಮ ತಮ್ಮ ಕಡೆ ಮಾತಿಗೆ ಬದಲಾಯಿಸಿ ಕಳಿಸಿದ್ರೆ ಅವನ್ನೂ ಹಾಕಿ.

ಇತಿ,
ಒಬ್ಬ ನರ್ಸಿಂಗ್ ಆಫೀಸರ್
(ಹೆಸರು, ಊರು ಪ್ರಕಟಿಸೋದು ಬೇಡ)